ಕಂಡದ್ದನ್ನು ಬರೆಯುವುದು: ಚಿತ್ರಕಥೆ ಕಲಿಕೆಯ ಐದು ಅವಧಿಗಳು

ಪೀಠಿಕೆ

ಕನ್ನಡ ಸಿನಿಮಾಗಳ ಆರಂಭದಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ತೋರಿಸುವ ರೂಢಿಯಿದೆ. ಕಥೆ ಎಂದರೇನು, ಸಂಭಾಷಣೆ ಎಂದರೇನು ಎಂಬುದು ಮಕ್ಕಳಿಗೆ ಗೊತ್ತು. ಇವೆರಡರ ನಡುವೆ ಇರುವ ಚಿತ್ರಕಥೆ ಎಂದರೇನು ಎಂದು ಕೇಳಿದರೆ ‘ಅದೂ ಮಾತು ಬರೆಯೋದೇ’ ಎಂಬ ಉತ್ತರ ಬರುತ್ತದೆ. ನಮ್ಮಲ್ಲಿ ಅನೇಕ ಪ್ರಶಿಕ್ಷಣಾರ್ಥಿಗಳ ಉತ್ತರವೂ ಇದಕ್ಕಿಂತ ಬೇರೆಯಲ್ಲ.

ಪರದೆಯ ಮೇಲೆ ಏನು ಕಾಣಬೇಕು, ಏನು ಕೇಳಬೇಕು, ಯಾವುದರ ನಂತರ ಯಾವುದು ಬರಬೇಕು ಎಂಬುದನ್ನು ಕ್ರಮವಾಗಿ ಬರೆದಿಡುವುದೇ ಚಿತ್ರಕಥೆ. ಅದರಲ್ಲಿ ಮಾತು ಒಂದು ಭಾಗ ಮಾತ್ರ. ಕಥೆಗಾರರು ‘ಅವಳಿಗೆ ಹಳೆಯದೆಲ್ಲ ನೆನಪಾಯಿತು’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದು. ಚಿತ್ರಕಥೆಗಾರರಿಗೆ ಆ ಸೌಕರ್ಯವಿಲ್ಲ. ನೆನಪನ್ನು ಕ್ಯಾಮೆರಾ ಹಿಡಿಯಲಾರದು. ನೆನಪಾದವಳು ಏನು ಮಾಡಿದಳು ಎಂಬುದನ್ನಷ್ಟೇ ಹಿಡಿಯಬಲ್ಲದು.

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಬೋಧನಾ ಅಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಯ ಐದು ಬದಲಿ ಅವಧಿಗಳು ನನಗೆ ದೊರೆತವು. ಶಾಲೆಯ ಕನ್ನಡ ಶಿಕ್ಷಕರ ಒಪ್ಪಿಗೆ ಮತ್ತು ನಮ್ಮ ಮಾರ್ಗದರ್ಶಕ ಉಪನ್ಯಾಸಕರ ಸಲಹೆ ಪಡೆದು ಅವುಗಳನ್ನು ಚಿತ್ರಕಥೆ ಬರವಣಿಗೆಗೆ ಬಳಸಿದೆ. ವಿಜ್ಞಾನದ ಪ್ರಯೋಗ ದಾಖಲೆಯಲ್ಲಿ ನಾವು ದಿನನಿತ್ಯ ಬಳಸುವ ‘ವೀಕ್ಷಣೆ’ ಮತ್ತು ‘ತೀರ್ಮಾನ’ ಎಂಬ ಎರಡು ಕಲಂಗಳೇ ಚಿತ್ರಕಥೆ ಕಲಿಯಲು ಒಳ್ಳೆಯ ದಾರಿ ಎಂಬುದು ಈ ಲೇಖನದ ವಾದ. ಚಿತ್ರಕಥೆಗಾರರು ವೀಕ್ಷಣೆಯನ್ನು ಬರೆದುಕೊಡಬೇಕು, ತೀರ್ಮಾನವನ್ನು ಪ್ರೇಕ್ಷಕರಿಗೆ ಬಿಡಬೇಕು.

ಪೂರ್ವಸಿದ್ಧತೆ

ತರಗತಿಗೆ ಹೋಗುವ ಮೊದಲು ಕಾದಂಬರಿ ಅಥವಾ ಕಥೆಯನ್ನು ಆಧರಿಸಿದ ಕೆಲವು ಕನ್ನಡ ಚಿತ್ರಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಅದು 1970ರಲ್ಲಿ ಸಿನಿಮಾ ಆಯಿತು. ಚಿತ್ರಕಥೆ ಬರೆದವರು ಗಿರೀಶ ಕಾರ್ನಾಡರು. ಪ್ರಾಣೇಶಾಚಾರ್ಯರ ಪಾತ್ರವನ್ನು ಮಾಡಿದವರೂ ಅವರೇ. ಕಾದಂಬರಿಯ ಬಹುಭಾಗ ಪ್ರಾಣೇಶಾಚಾರ್ಯರ ಮನಸ್ಸಿನೊಳಗೆ ನಡೆಯುತ್ತದೆ. ಸಿನಿಮಾ ಅದೇ ತೊಳಲಾಟವನ್ನು ಮುಖದಲ್ಲಿ, ನಡಿಗೆಯಲ್ಲಿ, ಶವವಿಟ್ಟುಕೊಂಡು ಕಾಯುವ ಅಗ್ರಹಾರದ ಮೌನದಲ್ಲಿ ತೋರಿಸಬೇಕಾಗುತ್ತದೆ. ಒಳಗಿನದನ್ನು ಹೊರಗೆ ತರುವ ಈ ಕೆಲಸವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇನ್ನೊಂದು ಪಾಠ ಕಲಿಸಿತು. ದೊಡ್ಡವರ ಲೋಕದ ಒಂದು ದುರಂತವನ್ನು ಅಲ್ಲಿ ನಾವು ನಾಣಿ ಎಂಬ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಅವನಿಗೆ ಎಲ್ಲವೂ ಅರ್ಥವಾಗುವುದಿಲ್ಲ, ಆದರೆ ಎಲ್ಲವೂ ಕಾಣುತ್ತದೆ. ಅವನಿಗೆ ತಿಳಿಯದ್ದು ನಮಗೆ ತಿಳಿಯುತ್ತದೆ. ವೀಕ್ಷಣೆ ಹುಡುಗನದು, ತೀರ್ಮಾನ ನಮ್ಮದು.

ಈ ಎರಡೂ ಚಿತ್ರಗಳ ವಸ್ತು ಒಂಬತ್ತನೆಯ ತರಗತಿಗೆ ಹೊಂದುವುದಿಲ್ಲ. ಅವನ್ನು ನನ್ನ ತಯಾರಿಗೆ ಮಾತ್ರ ಇಟ್ಟುಕೊಂಡೆ. ಮಕ್ಕಳಿಗೆ ಅವರದೇ ಊರು, ಮನೆ, ದಾರಿಯೇ ಪಠ್ಯವಾಯಿತು.

ಉದ್ದೇಶಗಳು

1. ಕಾಣುವ ಹಾಗೂ ಕೇಳುವ ವಿವರವನ್ನು, ನಾವು ಊಹಿಸಿಕೊಳ್ಳುವ ಭಾವದಿಂದ ಬೇರ್ಪಡಿಸುವುದು.
2. ಒಂದು ದೃಶ್ಯದಲ್ಲಿ ಪಾತ್ರಕ್ಕೆ ಏನು ಬೇಕು, ಅಡ್ಡಿ ಯಾವುದು ಎಂಬುದನ್ನು ಗುರುತಿಸುವುದು.
3. ಪಾತ್ರದ ಬಾಯಿಗೆ ಹೊಂದುವ ಮಾತನ್ನು ಬರೆಯುವುದು.
4. ಬರೆದದ್ದನ್ನು ಇತರರಿಂದ ಓದಿಸಿ ಕೇಳಿ ತಿದ್ದುವುದು.

ಮೊದಲನೆಯ ಅವಧಿ: ಎರಡು ಕಲಂ

ಕಪ್ಪುಹಲಗೆಯ ಮೇಲೆ ಎರಡು ಕಲಂ ಎಳೆದು ಮಕ್ಕಳ ಪೂರ್ವಜ್ಞಾನದಿಂದ ಆರಂಭಿಸಿದೆ. ‘ತಿಳಿ ಸುಣ್ಣದ ನೀರಿಗೆ ಉಸಿರು ಊದಿದಾಗ ಏನಾಯಿತು?’ ಎಂದಾಗ ‘ಇಂಗಾಲದ ಡೈಆಕ್ಸೈಡ್ ಬಂತು’ ಎಂದು ಒಬ್ಬ ಹುಡುಗ ಹೇಳಿದ. ‘ಅದು ನಿನ್ನ ಕಣ್ಣಿಗೆ ಕಂಡಿತಾ?’ ಎಂದೆ. ಸ್ವಲ್ಪ ಹೊತ್ತಿನ ಮೇಲೆ ‘ನೀರು ಹಾಲಿನ ಥರ ಆಯ್ತು’ ಎಂಬ ಉತ್ತರ ಬಂತು. ಮೊದಲನೆಯದು ತೀರ್ಮಾನ, ಎರಡನೆಯದು ವೀಕ್ಷಣೆ ಎಂದು ಎಲ್ಲರೂ ಒಪ್ಪಿದರು.

ಅದೇ ಕಲಂಗಳಲ್ಲಿ ಮುಂದಿನ ಸಾಲುಗಳನ್ನು ಹಾಕಲು ಹೇಳಿದೆ: ‘ಅಜ್ಜಿಗೆ ಕೋಪ ಬಂತು’, ‘ಅಜ್ಜಿ ಎಲೆ ಅಡಿಕೆ ಚೀಲವನ್ನು ಎಳೆದು ಕಟ್ಟಿ ಎದ್ದಳು’, ‘ಅವನು ಬಡವ’, ‘ಅವನ ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು ಚುಚ್ಚಿದೆ’. ಮಕ್ಕಳು ತಪ್ಪಿಲ್ಲದೆ ವಿಂಗಡಿಸಿದರು. ನಂತರ ನಿಯಮ ಹೇಳಿದೆ: ಚಿತ್ರಕಥೆಯಲ್ಲಿ ಎಡಗಡೆಯ ಕಲಂ ಮಾತ್ರ ಇರುತ್ತದೆ.

ಬರೆಯುವ ಕ್ರಮವನ್ನೂ ಇದೇ ಅವಧಿಯಲ್ಲಿ ತಿಳಿಸಿದೆ. ಪ್ರತಿ ದೃಶ್ಯದ ತಲೆಯಲ್ಲಿ ಮೂರು ವಿಷಯ ಇರಬೇಕು: ಒಳಾಂಗಣವೋ ಹೊರಾಂಗಣವೋ, ಸ್ಥಳ ಯಾವುದು, ಹೊತ್ತು ಯಾವುದು. ಇದರಲ್ಲಿ ಒಂದು ಬದಲಾದರೂ ಹೊಸ ದೃಶ್ಯ. ಕ್ರಿಯೆಯನ್ನು ವರ್ತಮಾನದಲ್ಲಿ ಬರೆಯಬೇಕು, ಏಕೆಂದರೆ ಪರದೆಯ ಮೇಲೆ ಎಲ್ಲವೂ ಈಗಲೇ ನಡೆಯುತ್ತದೆ. ‘ಬಂದಳು’ ಅಲ್ಲ, ‘ಬರುತ್ತಾಳೆ’. ಕಥೆಯ ಭೂತಕಾಲಕ್ಕೆ ಒಗ್ಗಿದ ಕೈಗಳು ಇದಕ್ಕೆ ಒಗ್ಗಲು ಎರಡು ಅವಧಿ ಹಿಡಿಯಿತು.

ಎರಡನೆಯ ಅವಧಿ: ಬೇಕು ಮತ್ತು ಅಡ್ಡಿ

ಮಕ್ಕಳನ್ನು ಆರು ಗುಂಪುಗಳಾಗಿ ಮಾಡಿ, ಎರಡು ನಿಮಿಷಕ್ಕೆ ಮೀರದ ಒಂದು ಸನ್ನಿವೇಶ ಬರೆಯಲು ಹೇಳಿದೆ. ನೆರವಿಗೆ ಮೂರು ಪ್ರಶ್ನೆ ಕೊಟ್ಟೆ: ಈ ಪಾತ್ರಕ್ಕೆ ಈಗ ಏನು ಬೇಕು? ಯಾವುದು ಅಡ್ಡ ಬರುತ್ತದೆ? ಸನ್ನಿವೇಶ ಮುಗಿಯುವಾಗ ಆರಂಭಕ್ಕಿಂತ ಏನು ಬದಲಾಗಿದೆ?

ಚಿತ್ರಕಥೆಯ ಪಠ್ಯಗಳಲ್ಲಿ ಹೆಚ್ಚಾಗಿ ಕಾಣುವ ಮೂರು ಅಂಕಗಳ ರಚನೆಯನ್ನು ಇಲ್ಲಿ ಹೇಳಲಿಲ್ಲ. ಸಿಡ್ ಫೀಲ್ಡ್ 1979ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಆ ಲೆಕ್ಕದಲ್ಲಿ 120 ಪುಟಗಳ ಚಿತ್ರಕಥೆಯ ಮೊದಲ 30 ಪುಟ ಪರಿಚಯಕ್ಕೆ, ನಡುವಿನ 60 ಪುಟ ಸಂಘರ್ಷಕ್ಕೆ, ಕೊನೆಯ 30 ಪುಟ ಪರಿಹಾರಕ್ಕೆ ಮೀಸಲು. ಎರಡೂವರೆ ಗಂಟೆಯ ಸಿನಿಮಾದ ಕಟ್ಟಡಕ್ಕೆ ಅದು ಉಪಯೋಗವಾದೀತು. ಒಂದು ಇಟ್ಟಿಗೆ ಸುಡಲು ಕಲಿಯುತ್ತಿರುವವರಿಗೆ ಮನೆಯ ನಕ್ಷೆ ಕೊಟ್ಟರೆ ಪ್ರಯೋಜನವಿಲ್ಲ.

ಒಂದು ಗುಂಪಿನ ಮೊದಲ ಕರಡು ಹೀಗಿತ್ತು. ಗುಂಪಿನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಕೊಟ್ಟಿದ್ದೇನೆ.

‘ಅಪ್ಪ ಒಳ್ಳೆಯವನು, ಆದರೆ ಬಡವ. ಮಗಳಿಗೆ ಕಾಲೇಜಿಗೆ ಹೋಗುವ ಆಸೆ. ಅಪ್ಪನಿಗೆ ಮಗಳ ಮೇಲೆ ತುಂಬಾ ಪ್ರೀತಿ ಇತ್ತು, ಆದರೆ ಭಯವೂ ಇತ್ತು. ಮಗಳು, ತಂದೆಯೇ, ನನಗೆ ವ್ಯಾಸಂಗ ಮುಂದುವರಿಸಲು ಅನುಮತಿ ನೀಡಿ ಎಂದಳು. ಹೆಣ್ಣುಮಕ್ಕಳ ಶಿಕ್ಷಣದ ಮಹತ್ವವನ್ನು ತಿಳಿಸಿದಳು. ಅಪ್ಪನ ಮನಸ್ಸು ಕರಗಿ ಒಪ್ಪಿದನು.’

ಪರೀಕ್ಷೆಯ ಪ್ರಬಂಧವಾಗಿದ್ದರೆ ಇದಕ್ಕೆ ಒಳ್ಳೆಯ ಅಂಕವೇ ಬರುತ್ತಿತ್ತು. ವಿಷಯವೂ ದೊಡ್ಡದು. ಪದವಿಪೂರ್ವ ಕಾಲೇಜು ಇರುವುದು ತಾಲ್ಲೂಕು ಕೇಂದ್ರದಲ್ಲಿ. ಆ ತರಗತಿಯ ಹಲವು ಹುಡುಗಿಯರಿಗೆ ಇನ್ನೆರಡು ವರ್ಷದಲ್ಲಿ ಇದೇ ಪ್ರಶ್ನೆ ಎದುರಾಗುತ್ತದೆ. ಆದರೆ ಆ ಬರಹದಲ್ಲಿ ಯಾವ ಮನೆಯೂ ಇರಲಿಲ್ಲ, ಯಾವ ಅಪ್ಪನೂ ಇರಲಿಲ್ಲ. ಎರಡು ಕಲಂ ಹಾಕಿ ವಿಂಗಡಿಸಲು ಹೇಳಿದೆ. ಎಡಗಡೆಯ ಕಲಂನಲ್ಲಿ ಉಳಿದದ್ದು ಮಗಳ ಒಂದೇ ಒಂದು ಮಾತು.

ಮೂರನೆಯ ಅವಧಿ: ಯಾರ ಬಾಯಿಯ ಮಾತು

‘ಮನೆಯಲ್ಲಿ ಅಪ್ಪನನ್ನು ತಂದೆಯೇ ಎಂದು ಕರೆಯುವವರು ಯಾರು?’ ಎಂದು ಕೇಳಿದಾಗ ತರಗತಿ ನಕ್ಕಿತು. ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ ಎಂದು ಮಕ್ಕಳು ನಂಬಿರುತ್ತಾರೆ. ಆಡುವ ಮಾತನ್ನು ಬರೆದರೆ ಶಿಕ್ಷಕರು ಕೆಂಪು ಗೆರೆ ಹಾಕುತ್ತಾರೆ ಎಂಬ ಭಯವೂ ಇರುತ್ತದೆ. ಚಿತ್ರಕಥೆಯಲ್ಲಿ ಮಾತು ಬರೆದವರದಲ್ಲ, ಪಾತ್ರದ್ದು. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ (2015) ಚಿತ್ರದ ಬರವಣಿಗೆಯಲ್ಲಿ ಪಾಲುಗೊಂಡ ಈರೇಗೌಡರು ಮಂಡ್ಯ ಸೀಮೆಯವರು. ನಟಿಸಿದವರು ಆ ಭಾಗದ ಹಳ್ಳಿಯ ಜನರೇ. ಅಲ್ಲಿನ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿದರೆ ಚಿತ್ರವೇ ಉಳಿಯುವುದಿಲ್ಲ.

ಈ ಅವಧಿಗೆ ಒಂದು ಮನೆಗೆಲಸ ಕೊಟ್ಟಿದ್ದೆ: ಅಂಗಡಿ, ಬಸ್ ನಿಲ್ದಾಣ ಅಥವಾ ಹಾಲಿನ ಡೈರಿಯಲ್ಲಿ ಐದು ನಿಮಿಷ ನಿಂತು ಕೇಳಿದ ನಾಲ್ಕು ಮಾತನ್ನು ಕೇಳಿದ ಹಾಗೆಯೇ ಬರೆದು ತರುವುದು. ಬರೆದು ತಂದದ್ದನ್ನು ಓದಿದಾಗ ಮಕ್ಕಳೇ ಒಂದು ವಿಷಯ ಗಮನಿಸಿದರು. ಜನ ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಡಿಮೆ. ‘ಸಾಲ ಕೊಡ್ತೀಯಾ?’ ಎಂದರೆ ‘ಮಳೆ ಬರೋ ಹಂಗಿದೆ’ ಎಂದು ಮಾತು ತಿರುಗಿಸುತ್ತಾರೆ. ಕೊಡುವುದಿಲ್ಲ ಎಂಬುದು ಕೇಳಿದವನಿಗೆ ಅರ್ಥವಾಗುತ್ತದೆ. ಹೇಳದೆ ಉಳಿದ ಮಾತು ಸಂಭಾಷಣೆಯ ಅರ್ಧ ಕೆಲಸ ಮಾಡುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಲಿಲ್ಲ.

ಆ ಗುಂಪು ಎರಡನೆಯ ಕರಡು ಬರೆಯಿತು. ಭಾಷಣ ಹೋಯಿತು. ಅಪ್ಪ ಜಗಲಿಯ ಮೇಲೆ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿರುತ್ತಾನೆ, ಮಗಳು ಅರ್ಜಿಯ ಫಾರಂ ಹಿಡಿದು ನಿಲ್ಲುತ್ತಾಳೆ, ಅಪ್ಪ ಏನೂ ಹೇಳುವುದಿಲ್ಲ. ರಾತ್ರಿ ಅವನು ಬ್ಯಾಟ್ರಿಗೆ ಹೊಸ ಶೆಲ್ಲು ಹಾಕುತ್ತಾನೆ. ಅಲ್ಲಿಗೆ ಮುಗಿಯುತ್ತದೆ. ಬ್ಯಾಟ್ರಿಯ ವಿವರ ಬರೆದವಳು ತರಗತಿಯಲ್ಲಿ ಅಪರೂಪಕ್ಕೆ ಬಾಯಿ ತೆರೆಯುವ, ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ.

ನಾಲ್ಕನೆಯ ಅವಧಿ: ಬರೆದವರು ಸುಮ್ಮನಿರುವುದು

ಐದು ಅವಧಿಗಳಲ್ಲಿ ಹೆಚ್ಚು ಕಲಿಕೆ ನಡೆದದ್ದು ಇಲ್ಲಿ. ಒಂದು ಗುಂಪಿನ ದೃಶ್ಯವನ್ನು ಇನ್ನೊಂದು ಗುಂಪು ಗಟ್ಟಿಯಾಗಿ ಓದಬೇಕು. ಬರೆದವರು ಬಾಯಿ ಬಿಡುವ ಹಾಗಿಲ್ಲ. ಕೇಳಿದವರು ಎರಡು ವಿಷಯ ಬರೆಯಬೇಕು: ‘ನಾವು ಕಂಡದ್ದು’ ಮತ್ತು ‘ನಮಗೆ ಅನ್ನಿಸಿದ್ದು’. ಅವಧಿಯನ್ನು ಪ್ರಯೋಗಾಲಯದ ಸ್ಟಾಪ್‌ವಾಚಿನಿಂದ ಅಳೆದೆವು. ಸಿನಿಮಾ ಬರಹದಲ್ಲಿ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ಲೆಕ್ಕವಿದೆ. ಅದು ನಿಗದಿತ ಮಾದರಿಯಲ್ಲಿ ಬೆರಳಚ್ಚು ಮಾಡಿದ ಪುಟಕ್ಕೆ ಸಂಬಂಧಿಸಿದ್ದು, ನೋಟ್‌ಪುಸ್ತಕದ ಕೈಬರಹಕ್ಕೆ ಹೊಂದುವುದಿಲ್ಲ.

ಬ್ಯಾಟ್ರಿಯ ದೃಶ್ಯ ಓದಿ ಮುಗಿದಾಗ ‘ನಮಗೆ ಅನ್ನಿಸಿದ್ದು’ ಎಂಬಲ್ಲಿ ಮೂರು ಬೇರೆ ಉತ್ತರ ಬಂದವು. ಒಂದು ಗುಂಪು ‘ಅಪ್ಪ ರಾತ್ರಿ ಕರೆಂಟು ಬಂದಾಗ ಮೋಟಾರ್ ಹಾಕೋಕೆ ಹೋಗ್ತಾನೆ’ ಎಂದಿತು. ಇನ್ನೊಂದು ‘ಅವನಿಗೆ ಮಗಳ ಮಾತು ಕಿವಿಗೇ ಬಿದ್ದಿಲ್ಲ’ ಎಂದಿತು. ಒಂದು ಗುಂಪು ಮಾತ್ರ ‘ಒಪ್ಪಿದಾನೆ’ ಎಂದಿತು, ಆದರೆ ಯಾಕೆ ಹಾಗನ್ನಿಸಿತು ಎಂದು ಹೇಳಲಾಗಲಿಲ್ಲ. ಬರೆದ ವಿದ್ಯಾರ್ಥಿನಿ ಎದ್ದು ನಿಂತಳು. ನಿಯಮ ನೆನಪಾಗಿ ಮತ್ತೆ ಕುಳಿತಳು.

ಇಲ್ಲಿ ಮಾರ್ಗದರ್ಶಕ ಉಪನ್ಯಾಸಕರು ನನ್ನ ಬಳಿ ಒಂದು ಚೀಟಿ ಕಳಿಸಿದರು: ‘ವೀಕ್ಷಣೆ ಸರಿಯಿದೆ, ಪ್ರಯೋಗ ಪೂರ್ಣವಾಗಿಲ್ಲ ಎಂದು ಹೇಳಬಹುದೇ?’ ಅದನ್ನೇ ತರಗತಿಗೆ ಪ್ರಶ್ನೆಯಾಗಿ ಹಾಕಿದೆ. ಒಂದು ವೀಕ್ಷಣೆಯಿಂದ ಮೂರು ತೀರ್ಮಾನ ಹೊರಟರೆ ವಿಜ್ಞಾನದಲ್ಲಿ ಏನು ಮಾಡುತ್ತೇವೆ? ‘ಇನ್ನೊಂದು ಪರೀಕ್ಷೆ ಮಾಡ್ತೀವಿ, ಬೇರೆ ಕಾರಣಗಳನ್ನ ತೆಗೆದುಹಾಕ್ತೀವಿ’ ಎಂದರು. ಹಾಗಾದರೆ ಈ ದೃಶ್ಯದಲ್ಲಿ ‘ಮೋಟಾರ್’ ಎಂಬ ಉತ್ತರವನ್ನು ತೆಗೆದುಹಾಕಲು ಏನು ಸೇರಿಸಬೇಕು? ಅಪ್ಪ ‘ಒಪ್ಪಿದೆ’ ಎಂದು ಹೇಳಿದರೆ ಸಾಕು ಎಂದ ಒಬ್ಬ. ಇನ್ನೊಬ್ಬಳು ತಡೆದಳು: ‘ಹೇಳಿದ್ರೆ ಮತ್ತೆ ಬ್ಯಾಟ್ರಿ ಯಾಕೆ?’

ಸಮಸ್ಯೆ ಕೊನೆಯ ಸಾಲಿನಲ್ಲಿ ಕಾಣುತ್ತದೆ, ಪರಿಹಾರ ಮೊದಲ ಪುಟದಲ್ಲಿರುತ್ತದೆ. ಮುಂದೆ ಬೇಕಾಗುವ ವಿವರವನ್ನು ಮೊದಲೇ, ಸದ್ದಿಲ್ಲದೆ ಬಿತ್ತಿರಬೇಕು. ಬಿತ್ತದೆ ಕೊಯ್ಯಲು ಹೋದರೆ ಪ್ರೇಕ್ಷಕರಿಗೆ ಗೊಂದಲ. ಎಲ್ಲರಿಗೂ ಕಾಣುವ ಹಾಗೆ ಕೂಗಿ ಬಿತ್ತಿದರೆ ಕೊನೆಗೆ ಕುತೂಹಲವಿಲ್ಲ.

ಐದನೆಯ ಅವಧಿ: ಮೂರನೆಯ ಕರಡು

ಮರುದಿನ ಗುಂಪು ತಂದದ್ದು ಇದು:

ದೃಶ್ಯ 1. ಹೊರಾಂಗಣ. ಮನೆಯ ಜಗಲಿ. ಸಂಜೆ.

ಅಪ್ಪ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾನೆ. ಮಗಳು ಬಂದು ಕಂಬಕ್ಕೆ ಒರಗಿ ನಿಲ್ಲುತ್ತಾಳೆ. ಕೈಯಲ್ಲಿ ಮಡಿಸಿದ ಫಾರಂ.

ಮಗಳು: ಫಾರಂ ತಂದಿದೀನಿ.

ಅಪ್ಪ ಪೆಡಲ್ ತಿರುಗಿಸುತ್ತಾನೆ. ಚಕ್ರ ತಿರುಗುತ್ತದೆ.

ಅಪ್ಪ: ಬಸ್ಸು ಎಷ್ಟೊತ್ತಿಗೆ?

ಮಗಳು: ಆರಕ್ಕೆ ಹೊರಡ್ತದೆ. ಗೇಟಿಗೆ ಬರೋದು ಏಳು.

ಅಪ್ಪ: ಗೇಟಿಂದ ಇಲ್ಲಿಗೆ ಕತ್ತಲು.

ಮಗಳು ಉತ್ತರ ಕೊಡುವುದಿಲ್ಲ. ಫಾರಂ ಅನ್ನು ಜಗಲಿಯ ಮೇಲಿಟ್ಟು, ಗಾಳಿಗೆ ಹಾರದ ಹಾಗೆ ಎಣ್ಣೆ ಡಬ್ಬಿ ಹೇರಿ, ಒಳಗೆ ಹೋಗುತ್ತಾಳೆ.

ದೃಶ್ಯ 2. ಒಳಾಂಗಣ. ಮನೆ. ರಾತ್ರಿ.

ಮಗಳು ಓದುತ್ತಿದ್ದಾಳೆ. ಅಪ್ಪ ಗೂಡಿನಿಂದ ಬ್ಯಾಟ್ರಿ ತೆಗೆದು ಹಳೆಯ ಶೆಲ್ಲು ಬೀಳಿಸಿ, ಹೊಸದು ಹಾಕುತ್ತಾನೆ. ಬಾಗಿಲಲ್ಲಿ ನಿಂತು ಬೆಳಕು ಬಿಡುತ್ತಾನೆ. ದಾರಿ ದೂರದವರೆಗೆ ಕಾಣುತ್ತದೆ. ಬ್ಯಾಟ್ರಿಯನ್ನು ಸೈಕಲ್ ಬೀಗದ ಕೈ ಇರುವ ಮೊಳೆಗೇ ನೇತುಹಾಕುತ್ತಾನೆ. ಮಗಳು ಪುಟ ತಿರುಗಿಸುವುದನ್ನು ನಿಲ್ಲಿಸುತ್ತಾಳೆ.

ಓದಿ ಮುಗಿದಾಗ ‘ನಮಗೆ ಅನ್ನಿಸಿದ್ದು’ ಎಂಬ ಕಲಂನಲ್ಲಿ ಎಲ್ಲ ಗುಂಪುಗಳೂ ಒಂದೇ ಉತ್ತರ ಬರೆದವು: ದಿನಾ ಸಂಜೆ ಅಪ್ಪ ಸೈಕಲ್ ತಗೊಂಡು ಗೇಟಿಗೆ ಬರ್ತಾನೆ. ಆ ವಾಕ್ಯ ಕರಡಿನಲ್ಲಿ ಎಲ್ಲಿಯೂ ಇಲ್ಲ. ಮೊದಲ ಕರಡಿನ ‘ತುಂಬಾ ಪ್ರೀತಿ ಇತ್ತು, ಆದರೆ ಭಯವೂ ಇತ್ತು’ ಎಂಬ ಸಾಲೂ ಇಲ್ಲ. ಆದರೆ ಪ್ರೀತಿ, ಭಯ ಎರಡೂ ಇವೆ. ಬಡತನದ ಮಾತಿಗಿಂತ ಕತ್ತಲ ದಾರಿಯ ಮಾತು ನಿಜವಾದ ಅಡ್ಡಿ ಎಂಬುದನ್ನು ಮಕ್ಕಳು ಕಂಡುಕೊಂಡದ್ದು ಮೂರನೆಯ ಬಾರಿ ಬರೆದಾಗ ಮಾತ್ರ.

ಮೌಲ್ಯಮಾಪನ

ಅಂಕ ಕೊಡುವ ಬದಲು ಪ್ರತಿ ಗುಂಪಿನ ಮೊದಲ ಮತ್ತು ಕೊನೆಯ ಕರಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಐದು ಪ್ರಶ್ನೆಗಳನ್ನು ಮಕ್ಕಳಿಂದಲೇ ಕೇಳಿಸಿದೆ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇವನ್ನು ಹಾಗೆಯೇ ಬಳಸಬಹುದು.

1. ಕ್ಯಾಮೆರಾಗೆ ಕಾಣದ, ಮೈಕಿಗೆ ಕೇಳದ ಸಾಲು ಎಷ್ಟು ಉಳಿದಿವೆ?
2. ಪಾತ್ರಕ್ಕೆ ಏನು ಬೇಕು ಎಂಬುದು ಯಾವ ಸಾಲಿನಲ್ಲಿ ತಿಳಿಯುತ್ತದೆ?
3. ಮಾತುಗಳನ್ನು ಮುಚ್ಚಿ ಕ್ರಿಯೆ ಮಾತ್ರ ಓದಿದರೂ ಸನ್ನಿವೇಶ ಅರ್ಥವಾಗುತ್ತದೆಯೇ?
4. ಎರಡು ಪಾತ್ರಗಳ ಮಾತನ್ನು ಅದಲುಬದಲು ಮಾಡಿದರೆ ವ್ಯತ್ಯಾಸ ತಿಳಿಯುತ್ತದೆಯೇ?
5. ಕೊನೆಯ ಚಿತ್ರಕ್ಕೆ ಬೇಕಾದ ಬೀಜ ಮೊದಲೇ ಬಿದ್ದಿದೆಯೇ?

ಎಲ್ಲ ಗುಂಪುಗಳೂ ಒಂದೇ ಮಟ್ಟ ತಲುಪಲಿಲ್ಲ. ಎರಡು ಗುಂಪುಗಳ ಕೊನೆಯ ಕರಡು ಸಿನಿಮಾದಲ್ಲಿ ನೋಡಿದ ಹೊಡೆದಾಟದ ನಕಲಾಗಿಯೇ ಉಳಿಯಿತು. ಆದರೆ ‘ಅವನಿಗೆ ಸಿಟ್ಟು ಬಂತು’ ಎಂಬಂಥ ಸಾಲುಗಳು ಅವುಗಳಲ್ಲೂ ಕಡಿಮೆಯಾಗಿದ್ದವು. ವಿಜ್ಞಾನದ ಅವಧಿಗಳಲ್ಲೂ ಫಲ ಕಂಡಿತು. ಮುಂದಿನ ವಾರ ಪ್ರಯೋಗ ದಾಖಲೆ ಬರೆಯುವಾಗ ‘ಮಿಸ್, ಇದು ಎಡಗಡೆ ಬರ್ತದಾ, ಬಲಗಡೆ ಬರ್ತದಾ?’ ಎಂದು ಮಕ್ಕಳೇ ಕೇಳತೊಡಗಿದರು.

ಗಮನದಲ್ಲಿಡಬೇಕಾದ ಒಂದು ಅಂಶ

ಮಕ್ಕಳಿಗೆ ಕಂಡದ್ದನ್ನು ಬರೆಯಲು ಹೇಳಿದರೆ ಅವರು ಮನೆಯನ್ನು ಬರೆಯುತ್ತಾರೆ. ಆದ್ದರಿಂದ ಮೊದಲ ದಿನವೇ ಒಂದು ನಿಯಮ ಹಾಕಿದ್ದೆ: ಪ್ರಶ್ನೆ ಬರಹದ ಬಗ್ಗೆ, ಬರೆದವರ ಮನೆಯ ಬಗ್ಗೆ ಅಲ್ಲ. ‘ಇದು ನಿಮ್ಮನೆ ಕಥೇನಾ?’ ಎಂದು ಒಬ್ಬ ಕೇಳಿದಾಗ ಆ ನಿಯಮ ನೆರವಿಗೆ ಬಂತು. ಪೋಷಕರ ಸಭೆಯಲ್ಲಿ ಬ್ಯಾಟ್ರಿಯ ದೃಶ್ಯವನ್ನು ಮಕ್ಕಳಿಂದ ಅಭಿನಯಿಸಬಹುದು ಎಂಬ ಸಲಹೆ ಶಾಲೆಯಿಂದ ಬಂತು. ಗುಂಪನ್ನು ಕೇಳಿದೆ. ಆ ವಿದ್ಯಾರ್ಥಿನಿ ‘ಬೇಡ ಮಿಸ್, ಸಭೆಗೆ ಅಪ್ಪ ಬರ್ತಾರೆ’ ಎಂದಳು. ಕಾರಣ ಕೇಳಲಿಲ್ಲ. ಬೇರೊಂದು ಗುಂಪಿನ ದೃಶ್ಯ ಅಭಿನಯಿಸಿದೆವು. ಕೆಲವು ದಿನಗಳ ನಂತರ ಅವಳೇ ಬಂದು ತನ್ನ ಗುಂಪಿನ ಮೂರು ಕರಡುಗಳ ಪ್ರತಿ ಕೇಳಿದಳು, ಮನೆಗೆ ತೆಗೆದುಕೊಂಡು ಹೋಗಲು. ಕೊಟ್ಟೆ. ಯಾರಿಗೆ ಓದಿಸಬೇಕು ಎಂಬುದು ಅವಳ ತೀರ್ಮಾನ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಚಿತ್ರಕಥೆ ಕಲಿಸಲು ಕ್ಯಾಮೆರಾ ಬೇಕಿಲ್ಲ. ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ (1955) ತೆಗೆಯುವಾಗ ಅವರ ಬಳಿ ಇದ್ದದ್ದು ಕ್ರಮಬದ್ಧವಾದ ಪೂರ್ಣ ಚಿತ್ರಕಥೆಯಲ್ಲ, ರೇಖಾಚಿತ್ರ ಮತ್ತು ಟಿಪ್ಪಣಿಗಳು. ನಮೂನೆಗಿಂತ ಮೊದಲು ಕಾಣುವುದನ್ನು ಕಾಣುವ ಹಾಗೆ ಹಿಡಿಯುವ ಅಭ್ಯಾಸ ಬೇಕು.

ನೀವೂ ಕಲಿಯಬೇಕೆಂದಿದ್ದರೆ ವಾರಕ್ಕೊಂದು ಸಣ್ಣ ಕಥೆ ಆರಿಸಿ. ಅದರಲ್ಲಿ ‘ಅನ್ನಿಸಿತು’, ‘ನೆನಪಾಯಿತು’, ‘ಬೇಸರವಾಯಿತು’ ಎಂಬ ಕಡೆಗಳಿಗೆ ಗೆರೆ ಹಾಕಿ. ಒಂದೊಂದರ ಬದಲಿಗೂ ಒಂದು ಕ್ರಿಯೆ ಬರೆಯಿರಿ. ಬರೆದದ್ದನ್ನು ಇನ್ನೊಬ್ಬರ ಕೈಯಲ್ಲಿ ಓದಿಸಿ, ನೀವು ಸುಮ್ಮನೆ ಕುಳಿತು ಕೇಳಿ. ವಿವರಿಸಬೇಕೆಂದು ಎಲ್ಲಿ ಬಾಯಿಗೆ ಬರುತ್ತದೋ ಅಲ್ಲಿ ಕರಡು ಇನ್ನೂ ಕೆಲಸ ಕೇಳುತ್ತಿದೆ ಎಂದು ಅರ್ಥ. ಅದನ್ನು ಗುರುತು ಮಾಡಿಕೊಂಡು ಮತ್ತೆ ಬರೆಯಿರಿ. ಎರಡನೆಯ ಕರಡಿಗೆ ನಿಲ್ಲಿಸಬೇಡಿ.